ಓದುಗರ ಪ್ರಶ್ನೆಗಳಿಗೆ ಉತ್ತರ: ಮರೈಯಾ ಕ್ಯಾರಿ 2005ರಲ್ಲಿ ಮತ್ತೆ ಎದ್ದು ನಿಂತಿದ್ದು ಹೇಗೆ?

ಪಾಪ್ ಗಾಯಕರ ಕಮ್‌ಬ್ಯಾಕ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗಿವೆ: ಅಮೆರಿಕದ ಗಾಯಕಿ ಮರೈಯಾ ಕ್ಯಾರಿ, ಮತ್ತು 2005ರಲ್ಲಿ ಬಂದ ಅವರ ಆಲ್ಬಂ 'ದಿ ಎಮ್ಯಾನ್ಸಿಪೇಷನ್ ಆಫ್ ಮಿಮಿ'. ನಾನು ತುಂಬಾ ಇಷ್ಟಪಡುವ ಆಲ್ಬಂ ಅದು. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ನಾನು ಹುಟ್ಟಿದ್ದೇ 2003ರಲ್ಲಿ. ನನಗೆ ಮರೈಯಾ ಅಂದರೆ ಡಿಸೆಂಬರ್ ಬಂತೆಂದರೆ ಎಲ್ಲೆಡೆ ಕೇಳುವ ಕ್ರಿಸ್‌ಮಸ್ ಹಾಡು, ಅಷ್ಟೇ. ಅವರ ಕಥೆ ಒಮ್ಮೆ ಮುಗಿದೇ ಹೋಗಿತ್ತು ಅಂತಾರೆ. ಅಷ್ಟು ದೊಡ್ಡ ಗಾಯಕಿಗೆ ಏನಾಯ್ತು?

ಮೊದಲು ಅವರು ಎಷ್ಟು ಎತ್ತರದಲ್ಲಿದ್ದರು ಅಂತ ಗೊತ್ತಾಗಬೇಕು. ಮೊದಲ ಆಲ್ಬಂ ಬಂದಿದ್ದು 1990ರಲ್ಲಿ. ಅವರ ಮೊದಲ ಐದು ಸಿಂಗಲ್‌ಗಳೂ, ಅಂದರೆ ಆಲ್ಬಂನಿಂದ ಬಿಡಿಯಾಗಿ ಬಿಟ್ಟ ಹಾಡುಗಳೂ, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಸ್ಥಾನಕ್ಕೆ ಹೋದವು. ಬೇರೆ ಯಾರಿಗೂ ಅಂಥ ಶುರು ಸಿಕ್ಕಿರಲಿಲ್ಲ. 1990ರಿಂದ 1999ರವರೆಗೆ ಅವರ ಹಾಡು ಒಂದನೇ ಸ್ಥಾನಕ್ಕೆ ಹೋಗದ ವರ್ಷವೇ ಇಲ್ಲ. 1993ರಲ್ಲಿ ತಮ್ಮ ಕಂಪನಿ ಸೋನಿ ಮ್ಯೂಸಿಕ್‌ನ ದೊಡ್ಡ ಅಧಿಕಾರಿ ಟಾಮಿ ಮೊಟೋಲಾ ಅವರನ್ನು ಮದುವೆಯಾದರು. 1997ರಲ್ಲಿ ಬೇರೆಯಾದರು. ಆ ಮದುವೆಯಲ್ಲಿ ಉಸಿರು ಬಿಡುವುದಕ್ಕೂ ಜಾಗ ಇರಲಿಲ್ಲ ಅನ್ನುವಂತೆ ಮುಂದೆ ಹಲವು ಸಲ ಮಾತಾಡಿದ್ದಾರೆ. 1999ರ 'ರೇನ್‌ಬೋ' ಆಲ್ಬಂ ಆದ ಮೇಲೆ ಸೋನಿಯನ್ನೇ ಬಿಟ್ಟರು.

2001ರಲ್ಲಿ ವರ್ಜಿನ್ ರೆಕಾರ್ಡ್ಸ್ ಜೊತೆ ಹೊಸ ಒಪ್ಪಂದ ಆಯಿತು. ಸುಮಾರು 8 ಕೋಟಿ ಡಾಲರ್‌ನದ್ದು ಅಂತ ಆಗ ಪತ್ರಿಕೆಗಳು ಬರೆದವು. ಅದರ ಮೊದಲ ಕೆಲಸ 'ಗ್ಲಿಟರ್'. ಒಂದು ಸಿನಿಮಾ, ಅದರಲ್ಲಿ ಮರೈಯಾ ನಾಯಕಿ. ಅದರ ಹಾಡುಗಳ ಆಲ್ಬಂ ಬೇರೆ. ನಟನೆ, ರೆಕಾರ್ಡಿಂಗ್, ಪ್ರಚಾರ ಎಲ್ಲ ಒಟ್ಟಿಗೆ ಬಂದು ನಿದ್ದೆ ಇಲ್ಲದ ದಿನಗಳು ಮುಂದುವರಿದವು. ಜುಲೈನಲ್ಲಿ ಎಂಟಿವಿಯ ನೇರ ಪ್ರಸಾರದ ಕಾರ್ಯಕ್ರಮವೊಂದಕ್ಕೆ ಐಸ್‌ಕ್ರೀಂ ಗಾಡಿ ತಳ್ಳಿಕೊಂಡು ಬಂದರು. ಕೆಲವೇ ದಿನಗಳಲ್ಲಿ ಆಸ್ಪತ್ರೆ ಸೇರಿದರು. ವಿಪರೀತ ದಣಿವು ಅಂತ ಅವರ ಕಡೆಯವರು ಹೇಳಿದರು. ಆಲ್ಬಂ ಮತ್ತು ಸಿನಿಮಾ ಎರಡನ್ನೂ ಮುಂದೂಡಿದರು. ಮುಂದೂಡಿ ಇಟ್ಟ ದಿನ ಯಾವುದು ಗೊತ್ತಾ? ಆಲ್ಬಂ ಬಿಡುಗಡೆಯಾಗಿದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದ ದಿನ. ಸಿನಿಮಾ ಬಂದಿದ್ದು ಅದಾಗಿ ಹತ್ತು ದಿನಕ್ಕೆ, ಇಡೀ ದೇಶ ದುಃಖದಲ್ಲಿದ್ದಾಗ. ಎರಡೂ ಬಿದ್ದವು. 'ರೇನ್‌ಬೋ' ಮೊದಲ ವಾರ ಅಮೆರಿಕದಲ್ಲಿ 3,23,000 ಪ್ರತಿ ಮಾರಾಟವಾಗಿತ್ತು. 'ಗ್ಲಿಟರ್' 1,16,000ಕ್ಕೆ ನಿಂತಿತು.

ಇದರಲ್ಲಿ ನನಗೆ ಇವತ್ತಿಗೂ ಸಂಕಟ ಆಗುವುದು ಮಾರಾಟದ ಲೆಕ್ಕಕ್ಕಲ್ಲ. ಒಬ್ಬ ಹೆಣ್ಣುಮಗಳು ದಣಿದು ಕುಸಿದರೆ ಅದನ್ನು ಟಿವಿಯಲ್ಲಿ, ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ತಮಾಷೆಯ ಸರಕು ಮಾಡಿಕೊಂಡರಲ್ಲ, ಅದಕ್ಕೆ. 2018ರಲ್ಲಿ ಮರೈಯಾ ಪೀಪಲ್ ಪತ್ರಿಕೆಗೆ ಹೇಳಿದರು: ತಮಗೆ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ, ಅತಿ ಕುಗ್ಗುವಿಕೆಗಳ ನಡುವೆ ಹೊಯ್ದಾಡುವ ಕಾಯಿಲೆ) ಇದೆ ಅಂತ ಮೊದಲು ಗೊತ್ತಾಗಿದ್ದು 2001ರಲ್ಲೇ, ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಆಗ ನಕ್ಕವರು ನಗುತ್ತಿದ್ದದ್ದು ಒಂದು ಕಾಯಿಲೆಯನ್ನು ನೋಡಿ.

ಪ್ರಶ್ನೆ: ನೀವು ಹೊರಗೆ ಹೋಗಿ ಅಂತ ಕಂಪನಿಯೇ ಅವರಿಗೆ ಕೋಟಿಗಟ್ಟಲೆ ದುಡ್ಡು ಕೊಟ್ಟಿತಂತೆ. ಹೀಗೂ ಇರುತ್ತಾ? ಅದು ಲಾಭವೋ ಅವಮಾನವೋ?

ಇರುತ್ತೆ, ಮತ್ತು ಇದು ಎರಡೂ ಹೌದು. 2002ರ ಜನವರಿಯಲ್ಲಿ ವರ್ಜಿನ್‌ನ ಮಾಲೀಕ ಕಂಪನಿ ಇಎಂಐ 2.8 ಕೋಟಿ ಡಾಲರ್ ಕೊಟ್ಟು ಒಪ್ಪಂದ ಮುಗಿಸಿತು. ಅದಕ್ಕೂ ಮೊದಲೇ 2.1 ಕೋಟಿ ಮುಂಗಡ ಕೊಟ್ಟಾಗಿತ್ತು.

ಈ ಲೆಕ್ಕ ಅರ್ಥ ಆಗಬೇಕಾದರೆ ಮುಂಗಡ ಹೇಗೆ ನಡೆಯುತ್ತೆ ಅಂತ ತಿಳಿಯಬೇಕು. ಲೇಬಲ್‌ನವರು, ಅಂದರೆ ರೆಕಾರ್ಡ್ ಕಂಪನಿಯವರು, ಆಲ್ಬಂ ಬರುವ ಮೊದಲೇ ಗಾಯಕರಿಗೆ ಒಂದು ಮೊತ್ತ ಕೊಡುತ್ತಾರೆ. ಆಮೇಲೆ ಮಾರಾಟದಿಂದ ಬರುವ ರಾಯಲ್ಟಿಯಲ್ಲಿ ಆ ಮೊತ್ತವನ್ನು ಮೊದಲು ಮುರಿದುಕೊಳ್ಳುತ್ತಾರೆ. ಮುರಿದುಕೊಂಡು ಉಳಿದರೆ ಗಾಯಕರ ಕೈಗೆ. ಮಾರಾಟವೇ ಆಗದಿದ್ದರೆ ಸಾಮಾನ್ಯವಾಗಿ ಗಾಯಕರು ವಾಪಸ್ ಕೊಡಬೇಕಾಗಿಲ್ಲ, ನಷ್ಟ ಲೇಬಲ್‌ನದ್ದು. ಮರೈಯಾ ಒಪ್ಪಂದದಲ್ಲಿ ಇನ್ನೂ ಹಲವು ಆಲ್ಬಂ ಬಾಕಿ ಇದ್ದವು, ಒಂದೊಂದಕ್ಕೂ ದೊಡ್ಡ ಮೊತ್ತ ಕೊಡಬೇಕಿತ್ತು. ಇಎಂಐ ಆಗ ತಾನೇ ಕಷ್ಟದಲ್ಲಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ 1,800 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಈಗಲೇ ಒಂದು ಮೊತ್ತ ಕೊಟ್ಟು ಕೈ ತೊಳೆದುಕೊಂಡರೆ ಮುಂದಿನ ಖರ್ಚು ಉಳಿಯುತ್ತೆ ಅನ್ನುವುದು ಅವರ ಲೆಕ್ಕ.

ದುಡ್ಡಿನ ಮಟ್ಟಿಗೆ ಮರೈಯಾಗೆ ನಷ್ಟ ಆಗಲಿಲ್ಲ. ಆದರೆ ನಿಮ್ಮ ಹಾಡು ಬೇಡ, ಹೋಗಿ, ಬೇಕಾದರೆ ದುಡ್ಡು ಕೊಡುತ್ತೇವೆ ಅಂತ ಹತ್ತು ವರ್ಷ ಚಾರ್ಟ್ ಆಳಿದ ಗಾಯಕಿಗೆ ಹೇಳಿದರೆ ಹೇಗಿರಬೇಕು? ಅದನ್ನು ಇಡೀ ಜಗತ್ತು ಓದಿತು ಬೇರೆ. ಆ ಸುದ್ದಿ ಬೇರೆ ಲೇಬಲ್‌ಗಳ ಬಾಗಿಲನ್ನೂ ಮುಚ್ಚಬಹುದಿತ್ತು. ಅದೃಷ್ಟಕ್ಕೆ ಅದೇ ವರ್ಷ ಐಲೆಂಡ್ ಡೆಫ್ ಜಾಮ್ ಕರೆದುಕೊಂಡಿತು.

ಪ್ರಶ್ನೆ: 2002ರಲ್ಲೂ ಒಂದು ಆಲ್ಬಂ ಬಂದಿತ್ತಲ್ಲ, ಅದನ್ನು ಯಾಕೆ ಯಾರೂ ಕಮ್‌ಬ್ಯಾಕ್ ಅಂತ ಎಣಿಸುವುದಿಲ್ಲ?

'ಚಾರ್ಮ್‌ಬ್ರೇಸ್ಲೆಟ್'. ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಮೂರನೇ ಸ್ಥಾನದಲ್ಲಿ ಶುರುವಾಯಿತು, ತೀರಾ ಕೆಟ್ಟದಾಗೇನೂ ಮಾರಾಟ ಆಗಲಿಲ್ಲ. ಆದರೆ ಅದರ ಮೊದಲ ಸಿಂಗಲ್, ಕಷ್ಟಗಳನ್ನು ದಾಟಿ ಬಂದೆ ಅಂತ ಹೇಳುವ ನಿಧಾನದ ಹಾಡು, ಹಾಟ್ 100ರಲ್ಲಿ 81ನೇ ಸ್ಥಾನ ದಾಟಲಿಲ್ಲ. ಅದೂ ಮರೈಯಾ ಹಾಡು.

ನನ್ನ ಅನಿಸಿಕೆ ಹೇಳುತ್ತೇನೆ. ಆ ಆಲ್ಬಂ ಕೇಳಿದರೆ ಒಬ್ಬರು ನಮಗೆ ಸಮಜಾಯಿಷಿ ಕೊಡುತ್ತಿದ್ದಾರೆ ಅನಿಸುತ್ತೆ. ನಾನು ಚೆನ್ನಾಗಿದ್ದೇನೆ, ನೋಡಿ, ಗಟ್ಟಿಯಾಗಿದ್ದೇನೆ ಅಂತ. ಹಾಡುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ದನಿ ಮಾತ್ರ ತುಂಬಾ ಎಚ್ಚರದಿಂದ, ಉಸಿರು ಹಿಡಿದು, ಎಲ್ಲಿ ತಪ್ಪಾಗುತ್ತೋ ಅನ್ನುವ ಹಾಗೆ ಸಾಗುತ್ತೆ. ಪ್ರೇಕ್ಷಕರಿಗೆ ಇದು ತಕ್ಷಣ ಗೊತ್ತಾಗುತ್ತೆ. ಕೇಳುವವರ ಕರುಣೆಯಿಂದ ಹಾಡು ಓಡುವುದಿಲ್ಲ, ಅಲ್ವಾ?

ಪ್ರಶ್ನೆ: ಸರಿ, ಹಾಗಾದರೆ 2005ರ ಆಲ್ಬಂನಲ್ಲಿ ಅಂಥದ್ದೇನಿದೆ? ಸಂಗೀತದ ಬಗ್ಗೆಯೇ ಸ್ವಲ್ಪ ವಿವರವಾಗಿ ಹೇಳಿ. ಮಾರಾಟದ ಕಥೆ ಬೇಡ.

ಈ ಪ್ರಶ್ನೆಗೇ ಕಾಯುತ್ತಿದ್ದೆ.

ಈ ಆಲ್ಬಂನಲ್ಲಿ ಹದಿನಾಲ್ಕು ಹಾಡು. ಎರಡನೆಯದು 'ವಿ ಬಿಲಾಂಗ್ ಟುಗೆದರ್'. ಅದನ್ನು ಬಿಡಿಸಿ ನೋಡಿದರೆ ಇಡೀ ಆಲ್ಬಂನ ಗುಟ್ಟು ಸಿಗುತ್ತೆ. ಪಿಯಾನೋದ ಸಣ್ಣ ಎಳೆ, ಕೆಳಗೆ ಒಂದು ಬೀಟ್, ಅಷ್ಟೇ ವಾದ್ಯ. ತಂತಿವಾದ್ಯಗಳ ದೊಡ್ಡ ಅಬ್ಬರ ಇಲ್ಲ. ತೊಂಬತ್ತರ ದಶಕದ ಮರೈಯಾ ಆಗಿದ್ದರೆ ಒಂದೊಂದು ಪದವನ್ನೂ ಎಳೆದು, ಒಂದೇ ಅಕ್ಷರದ ಮೇಲೆ ಹತ್ತು ಸ್ವರ ಓಡಿಸಿ, ಮೊದಲ ನಿಮಿಷದಲ್ಲೇ ಮೇಲಕ್ಕೆ ಹೋಗಿಬಿಡುತ್ತಿದ್ದರು. ಇಲ್ಲಿ ಹಾಗಿಲ್ಲ. ಕೆಳಗಿನ ದನಿಯಲ್ಲಿ, ಮಾತಾಡುವ ಹಾಗೆ ಶುರು ಮಾಡುತ್ತಾರೆ. ಪದಗಳು ಬೇಗ ಬೇಗ ಬರುತ್ತವೆ, ರ‍್ಯಾಪ್ ಹಾಡುವವರ ಲಯದಲ್ಲಿ, ಆದರೆ ರಾಗ ಬಿಡುವುದಿಲ್ಲ. ಬಿಟ್ಟುಹೋದವನ ನೆನಪಲ್ಲಿ ನಿದ್ದೆ ಬರದೆ ರೇಡಿಯೋ ಸ್ಟೇಷನ್ ಬದಲಾಯಿಸುತ್ತಾ ಕೂತ ಹೆಣ್ಣಿನ ಹಾಡು ಅದು. ತಲೆಯಲ್ಲಿ ಮಾತು ತಿರುಗುವ ವೇಗವೇ ಹಾಡಿನ ವೇಗ. ಮೂರನೇ ಸುತ್ತಿಗೆ ಬರುವ ಹೊತ್ತಿಗೆ ಅಷ್ಟು ಹೊತ್ತು ಒಳಗಿಟ್ಟುಕೊಂಡದ್ದು ತಡೆಯದೆ ದನಿ ಮೇಲೇರುತ್ತೆ, ಪೂರ್ತಿ ಬಾಯಿಬಿಟ್ಟು ಹಾಡುತ್ತಾರೆ. ಹಾಡಿನ ಕೊನೆಗೆ ಸಿಗುವ ಆ ಎತ್ತರ ಸಲೀಸಾಗಿ ಬಂದಿದ್ದಲ್ಲ, ಕಾಯಿಸಿ ಕೊಟ್ಟಿದ್ದು. ಅದಕ್ಕೇ ಮೈ ಜುಂ ಅನ್ನುತ್ತೆ.

ಒಂದು ಚಂದದ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಹಾಡಿನೊಳಗೆ ರೇಡಿಯೋದಲ್ಲಿ ಗಾಯಕರಾದ ಬಾಬಿ ವೊಮ್ಯಾಕ್ ಮತ್ತು ಬೇಬಿಫೇಸ್ ಬರುತ್ತಾರೆ, ಅವರ ಹಳೇ ಹಾಡುಗಳ ಎಳೆಗಳನ್ನು ಮರೈಯಾ ತಮ್ಮ ಹಾಡಿಗೆ ಹೆಣೆದುಕೊಂಡಿದ್ದಾರೆ, ಆ ಹಾಡು ಬರೆದವರಿಗೆಲ್ಲ ಇದರಲ್ಲಿ ಹೆಸರೂ ಸಿಕ್ಕಿದೆ. ಅವುಗಳಲ್ಲಿ ಒಂದು ಎಂಬತ್ತರ ದಶಕದಲ್ಲಿ ಬೇಬಿಫೇಸ್ ಇದ್ದ 'ದಿ ಡೀಲ್' ಅನ್ನುವ ತಂಡದ ಹಾಡು. ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು ಎಲ್.ಎ. ರೀಡ್. 2005ರಲ್ಲಿ ಐಲೆಂಡ್ ಡೆಫ್ ಜಾಮ್ ಮುಖ್ಯಸ್ಥರು ಅವರೇ, ಅಂದರೆ ಈ ಆಲ್ಬಂ ಹೊರತಂದವರು.

ಉಳಿದ ಹಾಡುಗಳಿಗೂ ಇದೇ ಹದ. 'ಶೇಕ್ ಇಟ್ ಆಫ್' ಒಂದು ಬ್ರೇಕಪ್ ಹಾಡು, ಆದರೆ ಅಳು ಇಲ್ಲ, ಬ್ಯಾಗ್ ತುಂಬಿಕೊಂಡು ಹೊರಟ ಹೆಣ್ಣಿನ ಸಲೀಸು ನಡಿಗೆ ಇದೆ. 'ಸರ್ಕಲ್ಸ್', 'ಮೈನ್ ಅಗೇನ್' ಕೇಳಿದರೆ ಎಪ್ಪತ್ತರ ದಶಕದ ಸೋಲ್ ಸಂಗೀತದ ಬಿಸುಪು ಸಿಗುತ್ತೆ. ಹಿಂದಿನ ಕೋರಸ್ ಕಡೆ ಸ್ವಲ್ಪ ಕಿವಿ ಕೊಡಿ. ಮರೈಯಾ ತಮ್ಮ ದನಿಯನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿ ಪದರದ ಮೇಲೆ ಪದರ ಇಡುತ್ತಾರೆ. ಮುಂದಿನ ದನಿ ಸುಮ್ಮನಾದಾಗ ಹಿಂದಿನ ದನಿಗಳು ಕಥೆ ಮುಂದುವರಿಸುತ್ತವೆ. ಹೆಡ್‌ಫೋನ್‌ನಲ್ಲಿ ಕೇಳದೆ ಹೋದರೆ ಈ ಆಲ್ಬಂನ ಅರ್ಧ ಕೆಲಸ ತಪ್ಪಿಹೋಗುತ್ತೆ.

ಕೊನೆಯ ಹಾಡು 'ಫ್ಲೈ ಲೈಕ್ ಎ ಬರ್ಡ್' ಒಂದು ಗಾಸ್ಪೆಲ್ ಪ್ರಾರ್ಥನೆ, ಅಂದರೆ ಚರ್ಚ್‌ನಲ್ಲಿ ಹಾಡುವ ಥರದ ಭಕ್ತಿಗೀತೆ. ಅವರ ಪಾದ್ರಿ ಕ್ಲಾರೆನ್ಸ್ ಕೀಟನ್ ಅವರ ದನಿಯೂ ಅದರಲ್ಲಿದೆ. 2001ರಲ್ಲಿ ನಡೆದದ್ದಕ್ಕೆ ಈ ಆಲ್ಬಂನಲ್ಲಿ ನೇರವಾದ ಉತ್ತರ ಏನಾದರೂ ಇದ್ದರೆ ಅದು ಈ ಹಾಡು ಅಂತ ನಾನು ನಂಬುತ್ತೇನೆ. ಇಲ್ಲಿ ಅವರು ಯಾರಿಗೂ ಸಮಜಾಯಿಷಿ ಕೊಡುತ್ತಿಲ್ಲ. ದೇವರ ಹತ್ತಿರ ಮಾತಾಡುತ್ತಿದ್ದಾರೆ.

ಪ್ರಶ್ನೆ: ಆ ಹೊತ್ತಿಗೆ ಅವರ ದನಿ ಹೋಗಿತ್ತು, ಸ್ಟುಡಿಯೋದಲ್ಲಿ ಸರಿ ಮಾಡಿದರು ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನಿಜವಾ?

ದನಿ ಬದಲಾಗಿತ್ತು, ಹೋಗಿರಲಿಲ್ಲ. 1991ರ 'ಇಮೋಷನ್ಸ್' ಕೇಳಿ, ಆಮೇಲೆ 2005ರ ಹಾಡು ಕೇಳಿ. ಮೊದಲಿನದ್ದು ನುಣುಪು, ಎರಡನೆಯದರಲ್ಲಿ ಅಂಚು ಸ್ವಲ್ಪ ಒರಟು, ಉಸಿರು ಜಾಸ್ತಿ. ಹದಿನೈದು ವರ್ಷ ಆ ಮಟ್ಟದಲ್ಲಿ ಹಾಡಿದ ಯಾವ ಗಂಟಲೂ ಹಾಗೇ ಉಳಿಯುವುದಿಲ್ಲ. ಮೂವತ್ತೈದರ ಆಸುಪಾಸಿನ ಹೆಣ್ಣಿನ ದನಿ ಇಪ್ಪತ್ತರ ಹುಡುಗಿಯದ್ದರ ಹಾಗೆ ಇರಬೇಕು ಅಂತ ಬಯಸುವುದೇ ಅನ್ಯಾಯ.

ಈ ಆಲ್ಬಂನಲ್ಲಿ ಮಾಡಿದ ಜಾಣತನ ಅಂದರೆ ಆ ಒರಟನ್ನು ಮುಚ್ಚಿಡಲಿಲ್ಲ. ದುಃಖದ ಸಾಲಿಗೆ ಅದೇ ಸರಿಯಾದ ಬಣ್ಣ ಅಂತ ಬಳಸಿಕೊಂಡರು. ವಿಸಿಲ್ ನೋಟ್, ಅಂದರೆ ಸೀಟಿಯ ಹಾಗೆ ಕೇಳುವ ಆ ತೀರಾ ಮೇಲಿನ ಸ್ವರ, ಅದನ್ನು ಎಲ್ಲೋ ಕೆಲವು ಕಡೆ ಮಾತ್ರ ಇಟ್ಟರು. 2006ರಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ವೇದಿಕೆಯಲ್ಲಿ ಗಾಸ್ಪೆಲ್ ಗಾಯಕರ ಜೊತೆ ಹಾಡಿದ್ದರ ವಿಡಿಯೋ ಸಿಗುತ್ತೆ. ನಿಮ್ಮ ಗೆಳೆಯನಿಗೆ ಅದನ್ನು ತೋರಿಸಿ.

ಪ್ರಶ್ನೆ: ಇದು ಸಂಗೀತ ನಿರ್ಮಾಪಕ ಜರ್ಮೈನ್ ಡುಪ್ರಿ ಮತ್ತು ಎಲ್.ಎ. ರೀಡ್ ಮಾಡಿದ ಕಮ್‌ಬ್ಯಾಕ್ ಅಂತ ಎಲ್ಲೋ ಓದಿದೆ. ಹಾಗಾದರೆ ಮರೈಯಾ ಬರೀ ಹಾಡಿದರಾ?

ಇದು ನನಗೆ ಸ್ವಲ್ಪ ಸಿಟ್ಟು ಬರಿಸುವ ಮಾತು. ನಿಮ್ಮ ಮೇಲಲ್ಲ, ಹಾಗೆ ಬರೆದವರ ಮೇಲೆ.

ಡುಪ್ರಿ, ರೀಡ್ ಇಬ್ಬರೂ ದೊಡ್ಡ ಕೆಲಸ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆಲ್ಬಂ ಹೆಚ್ಚುಕಡಿಮೆ ಮುಗಿದಿದ್ದಾಗ ರೀಡ್ ಇನ್ನೂ ಗಟ್ಟಿ ಹಾಡು ಬೇಕು, ಅಟ್ಲಾಂಟಾಗೆ ಹೋಗಿ ಡುಪ್ರಿ ಜೊತೆ ಕೂತು ಬನ್ನಿ ಅಂತ ಕಳಿಸಿದರು. ಅಲ್ಲಿ 'ಶೇಕ್ ಇಟ್ ಆಫ್' ಹುಟ್ಟಿತು. ಬೇರೆಯವರಾಗಿದ್ದರೆ ಅಷ್ಟಕ್ಕೇ ಸಾಕು ಅನ್ನುತ್ತಿದ್ದರು. ರೀಡ್ ಮತ್ತೆ ಹೋಗಿ ಅಂದರು. ಆ ಎರಡನೇ ಸಲಕ್ಕೆ ಬಂದಿದ್ದು 'ಇಟ್ಸ್ ಲೈಕ್ ದಟ್' ಮತ್ತು 'ವಿ ಬಿಲಾಂಗ್ ಟುಗೆದರ್'. ಮುಗಿಯಿತು ಅಂದುಕೊಂಡ ಕೆಲಸಕ್ಕೆ ಮತ್ತೆ ಕೈ ಹಾಕಲು ಹೇಳುವ ಧೈರ್ಯ, ಹಾಗೆ ಹೇಳಿದಾಗ ಮುನಿಸಿಕೊಳ್ಳದೆ ಹೋಗುವ ಮನಸ್ಸು, ಎರಡೂ ಬೇಕಿತ್ತು.

ಆದರೆ ಹೋದವರು ಯಾರು? ಕೂತು ಬರೆದವರು ಯಾರು? 'ವಿ ಬಿಲಾಂಗ್ ಟುಗೆದರ್' ಬರೆದವರ ಪಟ್ಟಿಯಲ್ಲಿ ಡುಪ್ರಿ, ಮ್ಯಾನುಯೆಲ್ ಸೀಲ್, ಜಾಂಟಾ ಆಸ್ಟಿನ್ ಜೊತೆಗೆ ಮರೈಯಾ ಹೆಸರಿದೆ. ಮೊದಲ ಆಲ್ಬಂನಿಂದಲೇ ಅವರು ತಮ್ಮ ಹಾಡುಗಳನ್ನು ಬರೆಯುತ್ತಾ ಬಂದವರು. ಬೇರೆಯವರ ಹಳೇ ಹಾಡುಗಳನ್ನು ಹಾಡಿದ್ದು ಬಿಟ್ಟರೆ ಅವರ ಹೆಸರಿನ ಹಿಟ್‌ಗಳು ಹೆಚ್ಚುಕಡಿಮೆ ಎಲ್ಲ ಅವರೂ ಸೇರಿ ಬರೆದದ್ದೇ. ದನಿ ಅಷ್ಟು ದೊಡ್ಡದಾಗಿದ್ದರಿಂದ ಜನ ದನಿಯನ್ನಷ್ಟೇ ನೋಡಿದರು, ಆಮೇಲೆ ಬಟ್ಟೆ ನೋಡಿದರು, ಆಮೇಲೆ ಆಸ್ಪತ್ರೆ ನೋಡಿದರು. ಪೆನ್ನು ಹಿಡಿದ ಕೈ ಯಾರಿಗೂ ಕಾಣಲಿಲ್ಲ. ಅಮೆರಿಕದ ಗೀತರಚನಕಾರರ ದೊಡ್ಡ ಗೌರವ, ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್, ಅವರನ್ನು ಒಳಗೆ ಸೇರಿಸಿಕೊಂಡಿದ್ದು 2022ರಲ್ಲಿ. ತುಂಬಾ ತಡ.

2005ರಲ್ಲಿ ಗೆದ್ದದ್ದು ಆ ಬರಹಗಾರ್ತಿ ಅಂತ ನಾನು ಹೇಳುತ್ತೇನೆ. ಕಡಿಮೆ ಸ್ವರ, ಜಾಸ್ತಿ ಮಾತು, ಸರಿಯಾದ ಜಾಗದಲ್ಲಿ ಸರಿಯಾದ ಪದ. ಈ ತೀರ್ಮಾನಗಳನ್ನು ಹಾಡು ಕಟ್ಟುವವರು ಮಾಡುತ್ತಾರೆ.

ಪ್ರಶ್ನೆ: ಈಗ ಮಾರಾಟದ ಕಥೆಯನ್ನೂ ಹೇಳಿಬಿಡಿ. ಅದೇ ಆಲ್ಬಂ ಎರಡು ಸಲ ಬಿಟ್ಟು ಲೆಕ್ಕ ಜಾಸ್ತಿ ಮಾಡಿಕೊಂಡರು ಅನ್ನುವುದು ಹೌದಾ?

ಅಮೆರಿಕದಲ್ಲಿ ಬಿಡುಗಡೆ 2005ರ ಏಪ್ರಿಲ್ 12. ಮೊದಲ ವಾರ 4,04,000 ಪ್ರತಿ, ನೇರ ಒಂದನೇ ಸ್ಥಾನ. ಆ ಹೊತ್ತಿಗೆ ಅದು ಅವರ ವೃತ್ತಿಜೀವನದಲ್ಲೇ ದೊಡ್ಡ ಮೊದಲ ವಾರ. ಗಮನಿಸಿ, ಆಗಿನ್ನೂ 'ವಿ ಬಿಲಾಂಗ್ ಟುಗೆದರ್' ಒಂದನೇ ಸ್ಥಾನಕ್ಕೆ ಬಂದಿರಲಿಲ್ಲ. ಮೊದಲ ಸಿಂಗಲ್ 'ಇಟ್ಸ್ ಲೈಕ್ ದಟ್' 16ನೇ ಸ್ಥಾನದವರೆಗೆ ಹೋಗಿ ಬಾಗಿಲು ತೆರೆದಿತ್ತು. ಜೂನ್‌ನಲ್ಲಿ 'ವಿ ಬಿಲಾಂಗ್ ಟುಗೆದರ್' ಮೇಲೆ ಹತ್ತಿತು, ನಡುವೆ ಒಂದೇ ವಾರ ಜಾಗ ಬಿಟ್ಟುಕೊಟ್ಟು ಒಟ್ಟು 14 ವಾರ ಅಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಒಂದನೇ ಸ್ಥಾನದಲ್ಲಿ ಅದು, ಎರಡನೇ ಸ್ಥಾನದಲ್ಲಿ 'ಶೇಕ್ ಇಟ್ ಆಫ್'. ತನ್ನ ಹಾಡಿಗೆ ತನ್ನದೇ ಹಾಡು ಅಡ್ಡ!

ಎರಡನೇ ಬಿಡುಗಡೆ ಹೌದು, ಆಗಿತ್ತು. ನವೆಂಬರ್‌ನಲ್ಲಿ ಹೊಸ ಹಾಡುಗಳನ್ನು ಸೇರಿಸಿ ಮತ್ತೆ ತಂದರು. ಅದರಲ್ಲಿದ್ದ 'ಡೋಂಟ್ ಫರ್ಗೆಟ್ ಅಬೌಟ್ ಅಸ್' ಅವರ 17ನೇ ನಂಬರ್ ಒನ್ ಹಾಡಾಯಿತು. ಹೊಸ ಹಾಡು ಕೊಟ್ಟು ಮಾರಿದ್ದನ್ನು ಮೋಸ ಅಂತ ನಾನು ಕರೆಯುವುದಿಲ್ಲ, ಆದರೆ ಮೊದಲೇ ಕೊಂಡ ಅಭಿಮಾನಿಗೆ ಮತ್ತೆ ಖರ್ಚು ಅನ್ನುವುದೂ ನಿಜ. ಆದರೂ ಬೇಸಿಗೆಯ ಹೊತ್ತಿಗೇ ಆಲ್ಬಂ ಗೆದ್ದಾಗಿತ್ತು. ವರ್ಷದ ಕೊನೆಗೆ ಅಮೆರಿಕದಲ್ಲಿ ಸುಮಾರು 50 ಲಕ್ಷ ಪ್ರತಿ ಮಾರಾಟವಾಗಿ, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಯಿತು.

ಪ್ರಶ್ನೆ: ಗ್ರ್ಯಾಮಿ?

ಎಂಟು ನಾಮನಿರ್ದೇಶನ, ಮೂರು ಪ್ರಶಸ್ತಿ, ಮೂರೂ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್ ಸಂಗೀತ) ವಿಭಾಗದಲ್ಲಿ. ವರ್ಷದ ಆಲ್ಬಂ, ವರ್ಷದ ರೆಕಾರ್ಡ್, ವರ್ಷದ ಹಾಡು ಮೂರಕ್ಕೂ ಹೆಸರಿತ್ತು, ಮೂರೂ ಕೈತಪ್ಪಿದವು. 1991ರಲ್ಲಿ ಎರಡು ಗೆದ್ದ ಮೇಲೆ ಹದಿನೈದು ವರ್ಷ ಅವರಿಗೆ ಒಂದೂ ಸಿಕ್ಕಿರಲಿಲ್ಲ. 1996ರಲ್ಲಿ ಆರು ನಾಮನಿರ್ದೇಶನ ಇಟ್ಟುಕೊಂಡು ಬರಿಗೈಯಲ್ಲಿ ಮನೆಗೆ ಹೋಗಿದ್ದರು.

ಪ್ರಶ್ನೆ: ಟೀನಾ ಟರ್ನರ್, ಶೆರ್, ಕೈಲಿ ಮಿನೋಗ್ ಕೂಡ ಬಿದ್ದು ಎದ್ದವರೇ. ಯಾರದ್ದು ದೊಡ್ಡ ಕಮ್‌ಬ್ಯಾಕ್?

ನನ್ನನ್ನು ಕೇಳಿದರೆ ಟೀನಾ ಟರ್ನರ್. ಮರೈಯಾ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಡಿ. ಹೊಡೆಯುವ ಗಂಡನನ್ನು 1976ರಲ್ಲಿ ಬಿಟ್ಟು ಬಂದಾಗ ಟೀನಾ ಹತ್ತಿರ ಕೈಕಾಸೂ ಇರಲಿಲ್ಲ. ವಿಚ್ಛೇದನದಲ್ಲಿ ತನ್ನ ಹೆಸರು ಉಳಿದರೆ ಸಾಕು ಅಂತ ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟರು. ಸಾಲ ತೀರಿಸಲು ಸಿಕ್ಕಿದ ಕಡೆಯೆಲ್ಲ ಹಾಡಿದರು. 1984ರಲ್ಲಿ 'ಪ್ರೈವೇಟ್ ಡ್ಯಾನ್ಸರ್' ಆಲ್ಬಂ ಬಂತು. ಅದರ ಹಾಡು ಹಾಟ್ 100ರಲ್ಲಿ ಒಂದನೇ ಸ್ಥಾನಕ್ಕೆ ಹೋದಾಗ ಅವರಿಗೆ 44 ವರ್ಷ. ಅದಕ್ಕೂ ಮೊದಲು ಅವರೊಬ್ಬರದೇ ಹೆಸರಲ್ಲಿ ಅಂಥ ಹಿಟ್ ಇರಲೇ ಇಲ್ಲ. ಕಳೆದುಕೊಂಡ ಜಾಗಕ್ಕೆ ಮರಳಿದ್ದಲ್ಲ ಅದು, ಎಂದೂ ಇರದ ಜಾಗಕ್ಕೆ ಹತ್ತಿದ್ದು.

ಶೆರ್ 1998ರಲ್ಲಿ 'ಬಿಲೀವ್' ಬಿಟ್ಟಾಗ 52 ವರ್ಷ. ದನಿಯನ್ನು ಬೇಕೆಂದೇ ಯಂತ್ರದ ಹಾಗೆ ಒಡೆಯುವ ಆಟೋಟ್ಯೂನ್ ಬಳಕೆ ಆ ಹಾಡಿನಿಂದಲೇ ಮನೆಮಾತಾಯಿತು. ಕೈಲಿ 1997ರ ಆಸುಪಾಸಿನಲ್ಲಿ ಬೇರೆ ಥರದ ಆಲ್ಬಂ ಮಾಡಿ ಬ್ರಿಟನ್‌ನಲ್ಲಿ ಪೆಟ್ಟು ತಿಂದರು, ಲೇಬಲ್ ಬದಲಾಯಿಸಿದರು, 2000ದಲ್ಲಿ ಮತ್ತೆ ಡ್ಯಾನ್ಸ್ ಹಾಡಿಗೆ ಮರಳಿದರು. ಗೆದ್ದರು. ಆದರೆ ಆ ಸೋತ ಆಲ್ಬಂ ಕೂಡ ಚೆನ್ನಾಗಿದೆ, ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಾನೂ ಹಾಡು ಬರೆದು ಹಾಡುತ್ತೇನೆ. ಮೊದಲ ಆಲ್ಬಂ ಯಾರೂ ಕೇಳಲಿಲ್ಲ. ಈಗಿನ ಟ್ರೆಂಡ್‌ಗೆ ತಕ್ಕ ಹಾಗೆ ಪೂರ್ತಿ ಬದಲಾಗಬೇಕಾ? ಮನಸ್ಸು ತುಂಬಾ ಕುಗ್ಗಿದೆ.

ಮೊದಲು ಮನಸ್ಸಿನ ಮಾತು. ನಿದ್ದೆ ಹೋಗಿದ್ದರೆ, ದಿನಗಟ್ಟಲೆ ಏನೂ ಬೇಡ ಅನಿಸುತ್ತಿದ್ದರೆ, ಹಾಡಿನ ಯೋಚನೆ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಹೋಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಮೇಲೆ ಬರೆದ ಕಥೆಯಲ್ಲಿ ಮರೈಯಾ ಕಳೆದುಕೊಂಡ ದೊಡ್ಡ ವಸ್ತು ಆರೋಗ್ಯ, ಅದನ್ನು ಯಾವ ಚಾರ್ಟೂ ವಾಪಸ್ ಕೊಡಲಿಲ್ಲ.

ಇನ್ನು ಹಾಡು. ಈ ಆಲ್ಬಂನಲ್ಲಿ ಆ ಕಾಲದ ಟ್ರೆಂಡ್ ಖಂಡಿತ ಇದೆ. ನೆಪ್ಚೂನ್ಸ್, ಕಾನ್ಯೆ ವೆಸ್ಟ್ ಥರದವರು ಬೀಟ್ ಕೊಟ್ಟಿದ್ದಾರೆ, ರ‍್ಯಾಪ್ ಹಾಡುವ ಸ್ನೂಪ್ ಡಾಗ್, ನೆಲ್ಲಿ ಬಂದು ಹೋಗುತ್ತಾರೆ. ಆದರೆ ಹಿಪ್ ಹಾಪ್ ಜೊತೆ ಹಾಡುವುದನ್ನು ಮರೈಯಾ 1995ರಲ್ಲೇ ಮಾಡಿದ್ದರು, ಲೇಬಲ್‌ನವರಿಗೆ ಅದು ಹಿಡಿಸದಿದ್ದಾಗಲೂ. ಅಂದರೆ ಟ್ರೆಂಡ್ ಅವರ ಮನೆಯ ದಾರಿಯಲ್ಲೇ ಇತ್ತು. ನಿಮ್ಮ ಹಾಡುಗಳಲ್ಲಿ ಅಂಥ ದಾರಿ ಯಾವುದು ಅಂತ ನೋಡಿ. ನಿಮಗೆ ಇಷ್ಟವೇ ಇಲ್ಲದ ಬೀಟ್ ಮೇಲೆ ಹಾಡಿದರೆ ಅದು ದನಿಯಲ್ಲಿ ಕೇಳಿಸುತ್ತೆ.

ಇನ್ನೊಂದು ಕೆಲಸ: ಬೇಕಾದ್ದಕ್ಕಿಂತ ಜಾಸ್ತಿ ಹಾಡು ಬರೆಯಿರಿ. ಹತ್ತು ಹಾಡಿನ ಆಲ್ಬಂಗೆ ಇಪ್ಪತ್ತೈದು. ಆಮೇಲೆ ಚೆನ್ನಾಗಿದೆ ಅಂತ ಯಾವಾಗಲೂ ಹೇಳುವ ಗೆಳೆಯರಿಗೆ ಕೇಳಿಸಬೇಡಿ. ಇನ್ನೊಂದು ಬರೆದು ತಾ ಅಂತ ಹೇಳುವ ಒಬ್ಬರನ್ನು ಹುಡುಕಿ. ಸೋತ ಆಲ್ಬಂ ಬಗ್ಗೆ ಹಾಡು ಬರೆಯುವ ಆಸೆ ಬರುತ್ತೆ. ಬರೆಯಿರಿ, ಆದರೆ ಅದನ್ನು ಮೊದಲ ಸಿಂಗಲ್ ಮಾಡಬೇಡಿ.

ಪ್ರಶ್ನೆ: ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಲಿ?

'ವಿ ಬಿಲಾಂಗ್ ಟುಗೆದರ್', ಆಮೇಲೆ 'ಸರ್ಕಲ್ಸ್', ಆಮೇಲೆ 'ಫ್ಲೈ ಲೈಕ್ ಎ ಬರ್ಡ್'. ಈ ಮೂರು ಹಿಡಿಸಿದರೆ ಮೊದಲಿನಿಂದ ಪೂರ್ತಿ ಕೇಳಿ. ನಡುವೆ 'ಟು ದಿ ಫ್ಲೋರ್' ಬಂದಾಗ ಬೇಕಾದರೆ ಮುಂದಕ್ಕೆ ಓಡಿಸಿ, ಆ ಹಾಡು ನನಗೆ ಯಾವತ್ತೂ ಹತ್ತಿಲ್ಲ. ಈ ಆಲ್ಬಂ ಮುಗಿದ ಮೇಲೆ 1997ರ 'ಬಟರ್‌ಫ್ಲೈ' ಕಡೆ ಹೋಗಿ. ಮದುವೆ ಮುರಿದ ವರ್ಷದ ಆಲ್ಬಂ. 2005ರಲ್ಲಿ ಅರಳಿದ ಆ ಪಿಸುಮಾತಿನ ಶೈಲಿ ಅಲ್ಲೇ ಮೊಳಕೆ ಒಡೆದಿದೆ.

ಪ್ರಶ್ನೆ: 'ಗ್ಲಿಟರ್' ಗತಿ ಏನಾಯ್ತು? ಅದನ್ನು ಅವರೇ ಮರೆತುಬಿಟ್ಟರಾ?

ತುಂಬಾ ವರ್ಷ ಆ ಹೆಸರು ಎತ್ತುವುದೇ ಅವರಿಗೆ ಇಷ್ಟ ಇರಲಿಲ್ಲ. ಮರೆಯದೆ ಉಳಿದವರು ಅಭಿಮಾನಿಗಳು. 2018ರ ನವೆಂಬರ್‌ನಲ್ಲಿ, ಮರೈಯಾ ಹೊಸ ಆಲ್ಬಂ 'ಕಾಷನ್' ಬರುವ ಹೊತ್ತಿಗೆ, ಗ್ಲಿಟರ್‌ಗೆ ನ್ಯಾಯ ಸಿಗಲಿ ಅಂತ ಆನ್‌ಲೈನ್‌ನಲ್ಲಿ ಒಂದು ಚಳವಳಿಯನ್ನೇ ಶುರು ಮಾಡಿದರು, ಎಲ್ಲರೂ ಸೇರಿ ಆ ಹಳೇ ಆಲ್ಬಂ ಕೊಂಡರು, ಹದಿನೇಳು ವರ್ಷದ ಮೇಲೆ ಅದು ಅಮೆರಿಕದ ಐಟ್ಯೂನ್ಸ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಮುಂದಿನ ವರ್ಷದ ಪ್ರವಾಸದಲ್ಲಿ ಮರೈಯಾ ಅದರ ಹಾಡುಗಳನ್ನು ವೇದಿಕೆಯ ಮೇಲೆ ಹಾಡಿದರು. ಎಂಬತ್ತರ ದಶಕದ ಡ್ಯಾನ್ಸ್ ಸಂಗೀತ ಇಷ್ಟಪಡುವವರು 'ಗ್ಲಿಟರ್' ಹಾಕಿ ಕೇಳಿ. ಸಿನಿಮಾ ನೋಡಬೇಕಾಗಿಲ್ಲ. ಆಲ್ಬಂ ಮಾತ್ರ ಅಷ್ಟು ಬೈಗುಳಕ್ಕೆ ಅರ್ಹ ಆಗಿರಲಿಲ್ಲ, ಅದರಲ್ಲಿರುವ ನಿಧಾನದ ಹಾಡುಗಳಂತೂ ಖಂಡಿತ ಇಲ್ಲ.